ಕುಶಿರೊದಲ್ಲಿ ಮೂರು ಸಲ

ಸಂಜೆಯ ಕಾರ್ಯಕ್ರಮಕ್ಕೆ ಹಾಡುಗಳ ಪಟ್ಟಿ ಬರೆಯುತ್ತಿದ್ದ ಗಾಯಕಿ ಚಿಜುರು, ಕೊನೆಯಲ್ಲಿದ್ದ 'ಮಂಜಿನಾಚೆ ದೀಪ'ವನ್ನು ಹೊಡೆದುಹಾಕಿದಳು. ಅದು ತೀರಿಹೋದ ಗೆಳೆಯ ಸುಮಿಯೊ ಕಟ್ಟಿದ ಹಾಡು. ಏಳು ವರ್ಷ ಅದನ್ನು ಊರೂರಿಗೆ ಹೊತ್ತು ಅವಳಿಗೆ ಸಾಕಾಗಿತ್ತು.

"ನೀನೂ ಬಿಟ್ಟರೆ ಇನ್ಯಾರು ಹಾಡ್ತಾರೆ?" ಎಂದ ಡ್ರಮ್ ಬಾರಿಸುವ ಗೋದಾ.

"ನಾನೇನು ಅವನ ಸಮಾಧಿ ಕಾಯೋಳಾ?"

ಅಷ್ಟರಲ್ಲಿ ಸುಮಿಯೊನ ತಾಯಿ ಇಸೊಕೊ ಬಾಗಿಲು ತಳ್ಳಿಕೊಂಡು ಬಂದರು. ಒತಾರು ಬಂದರಿನ ಮಂಜೂ ಅವರ ಬೆನ್ನಿಗೇ ಒಳಗೆ ತೇಲಿತು. ಮಗನ ಹಾಡನ್ನು ಯಾರು ಎಲ್ಲಿ ವೇದಿಕೆಯ ಮೇಲೆ ಹಾಡಿದರೂ ಅದರ ರಾಯಲ್ಟಿ ಈಗ ಅವರಿಗೆ ಬರುತ್ತಿತ್ತು. ಯಾವ ಊರಲ್ಲಿ ಎಷ್ಟು ಸಲ ಹಾಡಿದರೆಂದು ಬರೆದಿದ್ದ ಅದರ ಚೀಟಿಯನ್ನು ಮುದುಕಿ ಬಿಡಿಸಿ ಮುಂದಿಟ್ಟರು.

"ಅಷ್ಟು ದೂರ ಕುಶಿರೊಗೂ ಹೋಗಿ ಮೂರು ಸಲ ಹಾಡಿದೀಯಲ್ಲ ತಾಯಿ. ನನಗೊಂದು ಮಾತು ಹೇಳಬಾರದಿತ್ತಾ?"

ಚಿಜುರು, ಗೋದಾ ಮುಖ ಮುಖ ನೋಡಿಕೊಂಡರು. ಅವರು ಕುಶಿರೊ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

"ಅದು ನಾವಲ್ಲಮ್ಮ," ಎಂದಳು ಚಿಜುರು.

ಮುದುಕಿ ಚೀಟಿಯಲ್ಲಿ ಕುಶಿರೊದ ಸಾಲಿಗೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಹೊರಗೆ ಮಂಜಿನೊಳಗಿಂದ ಹಡಗೊಂದು ಕೂಗಿತು. ಎಲ್ಲೋ ದೂರದಲ್ಲಿ, ಕಾಣದ ಇನ್ನೊಂದು ಅದಕ್ಕೆ ಓಗೊಟ್ಟಿತು.

"ಹಾಗಾದರೆ ಅವರಾದರೂ ಸ್ವಲ್ಪ ಬೇಗ ಹಾಡ್ತಾರೇನೋ," ಎಂದರು ಕೊನೆಗೆ. "ನೀನು ಹಾಡನ್ನ ತುಂಬಾ ಎಳೀತೀಯ ಅಂತ ಅವನು ಯಾವಾಗಲೂ ಗೊಣಗ್ತಿದ್ದ."

ಗೋದಾ ನಗು ತಡೆಯಲಾಗದೆ ಕೆಮ್ಮಿದ. ಚಿಜುರುವಿಗೆ ಮೈಯೆಲ್ಲ ಉರಿದುಹೋಯಿತು. ಪಟ್ಟಿಯನ್ನು ಎಳೆದುಕೊಂಡು, ಎಲ್ಲಕ್ಕಿಂತ ಮೇಲೆ 'ಮಂಜಿನಾಚೆ ದೀಪ' ಎಂದು ಬರೆದಳು.

"ಲೇ ಗೋದಾ, ಕೋಲು ತಗೋ. ಕುಶಿರೊದವರಿಗೆ ಸೋಲಬಾರದು."