ಕಚ್ಚಿಟ್ಟ ರೊಟ್ಟಿ

ಎಳ್ಳಿನ ವಾಸನೆ, ರೊಟ್ಟಿ ಆಗಲೇ ತಂದೂರಿನಿಂದ ಇಳಿದಿದೆ, ಅಂದರೆ ಅತ್ತೆ ನನಗಿಂತ ಮೊದಲೇ ಎದ್ದಿದ್ದಾರೆ, ಹೊಸ್ತಿಲಲ್ಲಿ ಕೂತು ಬೂಟಿಗೆ ಬಗ್ಗಿದರೆ ಬೆನ್ನಿನಲ್ಲಿ ಅದೇ ನೋವು, ಎಡಕ್ಕೆ, ಸೊಂಟಕ್ಕಿಂತ ಒಂದು ಗೇಣು ಮೇಲೆ, ಹದಿನೈದು ದಿನವಾಯಿತು, ಮನೆಯಲ್ಲಿ ಯಾರಿಗೂ ಹೇಳಿಲ್ಲ — ಮಗ್ಗದ ಮುಂದೆ ಕೂತು ಬಂದದ್ದಿರಬಹುದು, ಆದರೆ ಕ್ಯಾನ್ಸರಿಗೆ ಒಂದು ಮೊಲೆ ಕೊಟ್ಟು ಮೂರು ವರ್ಷವಾದವಳಿಗೆ ಬರೀ ಬೆನ್ನುನೋವು ಅಂತ ಒಂದು ಇರುತ್ತದೆಯೇ, ಕೆಮ್ಮಿದರೆ ಅದೇ, ಸುಸ್ತಾದರೆ ಅದೇ, ಮತ್ತೆ ಬಂತೇ, ಮತ್ತೆ ಬಂತೇ. ಇವತ್ತು ತಾಷ್ಕೆಂಟಿನಲ್ಲಿ ತಪಾಸಣೆ, ಎಂಟೂವರೆಯ ರೈಲು, ಅದಕ್ಕೆ ಮೊದಲು ರೊಟ್ಟಿ ಕಚ್ಚಬೇಕು, ದೂರ ಹೋಗುವವರು ಒಂದು ತುತ್ತು ಕಚ್ಚಿ ಹೋಗಬೇಕು, ಉಳಿದದ್ದು ಗೋಡೆಯ ಮೊಳೆಗೆ, ವಾಪಸು ಬಂದು ತಿಂದು ಮುಗಿಸಬೇಕು, ಅನ್ನದ ಋಣ ಎಳೆದು ತರುತ್ತದಂತೆ — ಅಜ್ಜನನ್ನು ತರಲಿಲ್ಲ. ಅಜ್ಜಿಯ ಗೋಡೆಯಲ್ಲಿ ಅಜ್ಜನ ರೊಟ್ಟಿ, ಯುದ್ಧಕ್ಕೆ ಹೊರಟಾಗ ಕಚ್ಚಿದ್ದು, ನಾನು ನೋಡುವ ಹೊತ್ತಿಗೆ ಮೂವತ್ತೈದು ವರ್ಷ ಹಳತು, ಹೆಂಚಿನಷ್ಟು ಗಟ್ಟಿ, ಏಪ್ರಿಕಾಟ್ ಹೂ ಬಿಡುವಾಗ ಅಜ್ಜಿ ಇಳಿಸಿ ಧೂಳು ಊದುತ್ತಾಳೆ, ಅಂಗಳದಲ್ಲಿ ರೇಷ್ಮೆಗೂಡು ಬೇಯುವ ನಾತ, ಆಗ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ, ಈಗ ಸಿಕ್ಕರೆ ಎದೆ ತುಂಬ ಎಳೆದುಕೊಂಡೇನು, ಅಯ್ಯೋ ಆ ಅಂಗಳ, ಆ ಅಜ್ಜಿ — ಅವಳು ಆಚೆ ತಿರುಗಿದಾಗ ಅಜ್ಜನ ಹಲ್ಲಿನ ಗುರುತಿಗೆ ನನ್ನ ಹಲ್ಲು ಹೊಂದಿಸಿ ನೋಡುತ್ತಿದ್ದೆ, ಮುಂದಿನ ಎರಡರ ನಡುವೆ ಒಂದು ಸಂದು, ಅಜ್ಜನ ಬಗ್ಗೆ ನನಗೆ ಗೊತ್ತಿದ್ದದ್ದು ಅದೊಂದೇ. ಏಯ್ ಹುಡುಗಿ, ಬಾಯಿ ತೆಗಿ, ಅದು ನಿನ್ನ ಪಾಲಲ್ಲ, ಅವರು ಬಂದು ತಿಂತಾರೆ. ಅಜ್ಜಿ ಸತ್ತಾಗಲೂ ಅದು ಮೊಳೆಯಲ್ಲೇ ಇತ್ತು.

ಅದಕ್ಕೇ ನಾನು ಪ್ರತಿ ಸಲ ಅಂಚನ್ನು ಇಷ್ಟೇ ಇಷ್ಟು ಕಚ್ಚುವುದು, ಗುರುತು ಉಳಿಯಬಾರದು, ನಾಳೆ ಯಾವುದೋ ಮೊಮ್ಮಗು ಬಂದು ಹಲ್ಲು ಹೊಂದಿಸಿ ನೋಡಬಾರದು. ಇದೇನೇ ಇಲಿ ಕಚ್ಚಿದ ಹಾಗೆ ಎಂದು ಅತ್ತೆ ಬೈಯುತ್ತಾರೆ, ಬೈಯಲಿ. ಬೆನ್ನುನೋವಿನ ವಿಷಯ ಓಯ್ದಿನಕ್ಕನಿಗೆ ಮಾತ್ರ ಹೇಳಿದ್ದೆ, ಹನ್ನೊಂದು ವರ್ಷದ ಹಿಂದೆ ಅವಳಿಗೂ ಇದೇ ಕ್ಯಾನ್ಸರ್, ಪ್ರತಿ ಗುರುವಾರ ನಮ್ಮಂಥ ಆರು ಜನರನ್ನು ಮನೆಗೆ ಕರೆಯುತ್ತಾಳೆ, ಒಬ್ಬೊಬ್ಬರ ಮುಂದೆ ಒಂದೊಂದು ಹೂಜಿ ಚಹಾ, ಅದು ಮುಗಿಯುವವರೆಗೆ ಹೆದರಿಕೆಯ ಮಾತು ಎಷ್ಟು ಬೇಕಾದರೂ ಆಡಬಹುದು, ಮುಗಿದ ಮೇಲೆ ಸೊಲ್ಲೆತ್ತುವಂತಿಲ್ಲ, ಪಲಾವು, ಸೊಸೆಯರ ಚಾಡಿ, ನಗು. ಲೇ ಮುಹಯ್ಯೊ, ನಿನ್ನ ಹೂಜಿ ಖಾಲೀನೇ ಆಗಲ್ವಲ್ಲೇ, ತಳದಲ್ಲಿ ಬಾವಿ ತೋಡ್ಸಿದೀಯಾ? ಆಮೇಲೆ ಬಾಗಿಲ ತನಕ ಬಂದು ಕೈ ಹಿಡಿದು, ನಂಗೂ ಹೋಗಿಲ್ಲ ಕಣೇ ಈ ಹೆದರಿಕೆ, ಹೋಗೋದೂ ಇಲ್ಲ, ಮನೇಲಿ ಒಬ್ರಿಗಾದ್ರೂ ಹೇಳು, ಒಬ್ಬಳೇ ಹೊತ್ಕೊಂಡು ತಿರುಗಬೇಡ. ಯಾರಿಗೆ ಹೇಳಲಿ, ಗಂಡ ಇಲ್ಹೋಮನಿಗೆ ಹೇಳಿದರೆ ಊಟ ಬಿಟ್ಟು ಕೂರುತ್ತಾನೆ, ಅತ್ತೆಗೆ ಎಪ್ಪತ್ತೆಂಟು ವರ್ಷ, ಕಾಯಿಲೆಯ ಹೆಸರು ಎತ್ತಿದರೇ ಪ್ರಾರ್ಥನೆಗೆ ಕೂತುಬಿಡುತ್ತಾರೆ.

ಬಂದರು, ಎರಡೂ ಕೈಯಲ್ಲಿ ರೊಟ್ಟಿ, ತಲೆಗೆ ಮದುವೆಗೆ ಕಟ್ಟುವ ವಸ್ತ್ರ, ಹೆಗಲಿಗೆ ಚೀಲ ಯಾಕೆ? ನಾನು ಅಂಚಿಗೆ ಬಾಯಿ ತಂದೆ, ಇಷ್ಟೇ ಇಷ್ಟು. ಸರಿಯಾಗಿ ಕಚ್ಚೇ, ಹದಿನೈದು ದಿನದಿಂದ ಬೆನ್ನು ಹಿಡ್ಕೊಂಡು ಏಳ್ತಿದೀಯ, ನಂಗೆ ಕಾಣಲ್ವಾ, ಕಣ್ಣಿಗೆ ಪೊರೆ ಬಂದಿದೆ, ಕುರುಡಿ ಆಗಿಲ್ಲ ನಾನು. ಅಮ್ಮಾ — ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಕಚ್ಚು. ಕಚ್ಚಿದೆ, ಬಾಯಿ ತುಂಬ, ಬಿಸಿ, ಅಳು ಬಂತು, ಮಗುವಿನ ಹಾಗೆ ಅತ್ತುಬಿಟ್ಟೆ, ಇಪ್ಪತ್ತು ವರ್ಷದಿಂದ ನಮ್ಮೂರು ಮಾರ್ಗಿಲಾನ್ ಬಿಟ್ಟು ಹೊರಗೆ ಕಾಲಿಡದ ಹೆಂಗಸು ನಾನು ಕಚ್ಚಿದ ಜಾಗದ ಪಕ್ಕಕ್ಕೇ ಬಾಯಿ ಇಟ್ಟು, ತಲೆ ಅಲ್ಲಾಡಿಸಿ ಅಲ್ಲಾಡಿಸಿ ಹರಿದುಕೊಂಡು, ಮಗನ ಕೈಗೆ ಕೊಟ್ಟು, ತೂಗುಹಾಕೋ, ಇಬ್ರೂ ಬಂದು ತಿಂತೀವಿ. ರೈಲು ಹೊರಟಿದೆ, ಹತ್ತಿ ಹೊಲ, ಪಕ್ಕದಲ್ಲಿ ಅವರ ಗೊರಕೆ, ಬೆನ್ನು ನೋಯುತ್ತಿದೆ, ಏನು ಹೇಳುತ್ತಾರೋ, ಬಂದಿದೆಯೋ ಏನೋ, ಗೋಡೆಯಲ್ಲಿ ಆ ರೊಟ್ಟಿ, ನನ್ನ ಹಲ್ಲಿನ ಸಾಲು, ಪಕ್ಕದಲ್ಲಿ ಅವರ ಮೂರೇ ಹಲ್ಲು, ಮೂರೇ ಮೂರು —