ಪಕ್ಕಾ ಹಕ್ಕಿನ ಮನೆ

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ನನಗಿನ್ನೂ ಇತ್ಯರ್ಥವಾಗಿಲ್ಲ. ಲೇಖಕನ ಹಿರಿಮೆಯಿಂದ ಆರಂಭಿಸುವುದು ಕ್ಷೇಮ. ಮುಂದೆ ಕಳೆದುಕೊಳ್ಳುವುದಕ್ಕೆ ಕೈಯಲ್ಲಿ ಸ್ವಲ್ಪ ಗೌರವವಾದರೂ ಇರುತ್ತದೆ. ಆದ್ದರಿಂದ ಕೇಳಿ. ಮೈಸೂರಿನಲ್ಲಿ ನಾನು ಬಿ.ಎ. ಓದುತ್ತಿದ್ದಾಗ ನಮ್ಮ ಗದ್ಯದ ಮೇಷ್ಟರು ಒಂದೇ ಒಂದು ಪ್ಯಾರಾವನ್ನು ವರ್ಷಪೂರ್ತಿ ನನ್ನಿಂದ ತಿದ್ದಿಸಿದರು. ವಿಷಯ, ಕುಂಬಾರನ ತಿಗರಿ. ಪ್ರತಿ ವಾರವೂ ಅದು ಕೆಂಪು ಗೀಟುಗಳ ಗಾಯ ಹೊತ್ತು ಹಿಂದಿರುಗುತ್ತಿತ್ತು. ಪರೀಕ್ಷೆ ಸಮೀಪಿಸಿದಾಗ ಒಮ್ಮೆ ಗೀಟಿಲ್ಲದೆ ಬಂತು. "ಇದರಲ್ಲಿ ತೆಗೆಯುವಂಥದು ಏನೂ ಇಲ್ಲ, ಹೊನ್ನಪ್ಪ," ಎಂದರು ಮೇಷ್ಟರು.

(ಮೇಲಿನ ಪ್ಯಾರಾದಲ್ಲಿ ತೆಗೆಯುವಂಥದು ಬೇಕಾದಷ್ಟಿದೆ. ಬಲ್ಲೆ.)

1

ಮೊದಲ ಕರಡು: "ತೈಲದ ಬೆಲೆ ನೆಲಕಚ್ಚಿದ ಆ ದಿನಗಳಲ್ಲಿ, ಮಸ್ಕತ್ತಿನ ಮರುಭೂಮಿಯ ಮಡಿಲಲ್ಲಿ, ಒಂದು ಮುಗ್ಧ ಕುಟುಂಬವು..."

ಬೇಡ. ಮುಗ್ಧರು ಎಂದೊಡನೆ ತಪ್ಪು ಅರ್ಧ ಅವರದ್ದಾಗಿಬಿಡುತ್ತದೆ. ನೇರವಾಗಿ ಹೇಳುತ್ತೇನೆ. 2016. ಉಡುಪಿ ಕಡೆಯ ಆಲ್ಫ್ರೆಡ್, ತೈಲಬಾವಿ ಕೊರೆಯುವ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಹೆಂಡತಿ ಕ್ಲೆಮೆಂಟಿನಾ. ಮಸ್ಕತ್ತಿನ ವಾದಿ ಕಬೀರಿನಲ್ಲಿ ಗ್ಯಾರೇಜುಗಳ ಮೇಲಿನ ಫ್ಲಾಟು. ಅವರ ಒಬ್ಬನೇ ಮಗ ಆಲನ್‌ಗೆ ಇಪ್ಪತ್ತು ದಾಟಿದೆ, ಬುದ್ಧಿ ಇನ್ನೂ ಎಳೆಯದು. ಅವನಿಂದ ಸಹಿಸಲಾಗದ್ದು ಒಂದೇ: ಮನೆ ಬದಲಾಯಿಸುವುದು. ಎರಡು ಬೀದಿ ಆಚೆಗೆ ಹೋದಾಗಲೂ ಅವನು ದಿನವೂ ಹಳೆಯ ಮನೆಗೆ ನಡೆದು ಹೋಗಿ, ಅಪರಿಚಿತರ ಬಾಗಿಲ ಮುಂದೆ ಕುಳಿತಿರುತ್ತಿದ್ದ.

ಕಂಪನಿ ಆಲ್ಫ್ರೆಡ್‌ನನ್ನು ಕೈಬಿಟ್ಟಿತು. "ನಂದು ಖಲಾಸ್ ಸರ್," ಎಂದು ಅವನೇ ನಗುತ್ತಾ ಹೇಳಿದ. ಊರಿನ ಮನೆ ಅಣ್ಣಂದಿರ ಪಾಲಿಗೆ ಹೋಗಿತ್ತು. ಗಂಡಹೆಂಡತಿಗೆ ಬೇಕಿದ್ದುದು ಇಷ್ಟೇ: ತಾವು ಸತ್ತ ಮೇಲೂ ಆಲನ್‌ಗೆ ಯಾರೂ 'ಏಳು' ಎನ್ನಲಾಗದ ಒಂದು ಮನೆ.

2

ಆಗ ಮಸ್ಕತ್ತಿನದೇ ಖುರುಮ್ ಬಡಾವಣೆಯ ಹೋಟೆಲೊಂದರಲ್ಲಿ ಮನೆ ಮಾರುವವರ ಮೇಳ ನಡೆಯಿತು. ಇಂಡೋನೇಷ್ಯಾದ ಮಲಾಂಗ್ ಎಂಬ ಊರಿನ ಹೊಸ ಬಡಾವಣೆ. ತಂಪು ಹವೆ, ಗೇಟಿನಲ್ಲಿ ಕಾವಲುಗಾರ, ನಡೆದು ಹೋಗುವಷ್ಟು ಹತ್ತಿರ ಇಗರ್ಜಿ. "ಮಾಡಿಗೆ ಹೆಂಚುಂಟು ನೋಡಿ, ನಮ್ಮ ಊರಿನ ಹಾಗೆಯೇ," ಎಂದು ಕ್ಲೆಮೆಂಟಿನಾ ಚಿತ್ರ ತೋರಿಸಿದಳು. "ಮಂಗ್ಳೂರಿನ 'ಮ' ಸಹ ಉಂಟು," ಎಂದ ಆಲ್ಫ್ರೆಡ್.

ಮೇಳದವರ ಇಂಗ್ಲಿಷ್ ಕರಪತ್ರವನ್ನು ಕನ್ನಡಕ್ಕೆ ತರುವಂತೆ ಪರಿಚಿತರು, ಮಸ್ಕತ್ತಿನಲ್ಲೇ ನೆಲೆಸಿದ್ದ ನನ್ನನ್ನು ಕೇಳಿದರು. ಬೇರೆ ಯಾರನ್ನು ಕೇಳಿಯಾರು? ಅದರಲ್ಲಿ ಎರಡು ಪದ ಮಾತ್ರ ಇಂಡೋನೇಷ್ಯಾದ ಭಾಷೆಯಲ್ಲೇ ಉಳಿದಿದ್ದವು: ಹಕ್ ಪಕಾಯ್. ಮನೆ ಕೊಳ್ಳುವ ಪರದೇಶಿಗೆ ಸಿಗುವುದು ಅದು.

ನಿಘಂಟನ್ನು ಮುಟ್ಟುವ ಅಗತ್ಯ ನನಗೆ ಕಾಣಲಿಲ್ಲ. ಹಕ್ ಅರಬ್ಬಿಯದು, ಇಲ್ಲಿ ದಿನವೂ ಕೇಳುತ್ತೇವೆ, ಅದೇ ನಮ್ಮ ಹಕ್ಕು. ಹಾಗಾದರೆ ಪಕಾಯ್? ಕಿವಿಯಿದ್ದವನಿಗೆ ಸ್ವಯಂಸ್ಪಷ್ಟ. ಪಕ್ಕಾ. "ಪಕ್ಕಾ ಹಕ್ಕು" ಎಂದು ಬರೆದೆ. ಬರೆದು ಸುಮ್ಮನಿರಲಿಲ್ಲ, ಇಲ್ಲಿನ ಕನ್ನಡಿಗರ ಮುಂದಿನ ಕೂಟದಲ್ಲಿ ಎದ್ದು ನಿಂತು, ಸಮುದ್ರಗಳನ್ನು ದಾಟಿ ಬೆಸೆದ ಭಾಷಾಬಾಂಧವ್ಯದ ಕುರಿತು ಮಾತನಾಡಿದೆ. ಜನ ಚಪ್ಪಾಳೆ ತಟ್ಟಿದರು. ಕ್ಲೆಮೆಂಟಿನಾ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದಳು.

(ಆ ಚಪ್ಪಾಳೆಯನ್ನು ಕರಡಿನಿಂದ ತೆಗೆಯಲು ನೋಡಿದೆ. ವಾಕ್ಯ ಹೋಯಿತು, ಸದ್ದು ಉಳಿಯಿತು.)

3

ಮೊಮ್ಮಗಳು ಸಿಂಚನಾ ಸೋಫಾದಲ್ಲಿ ಮಲಗಿ ಫೋನು ಒತ್ತುತ್ತಿದ್ದಳು. ನನ್ನ ಪದವ್ಯುತ್ಪತ್ತಿಯನ್ನು ಅವಳಿಗೂ ಬಡಿಸಿದೆ.

"ತಾತ, ಪಕಾಯ್ ಅಂದ್ರೆ ಯೂಸ್. ಜಸ್ಟ್ ಯೂಸ್. ಶರ್ಟ್ ಹಾಕ್ಕೊಳೋದಕ್ಕೂ ಅದೇ ವರ್ಡ್."

"ಸರಿಯಾಗಿ ನೋಡು."

"ನೋಡಿದೆ. ಓನ್ ಮಾಡೋದಕ್ಕೆ ಹಕ್ ಮಿಲಿಕ್ ಅಂತಾರೆ, ಅದು ಫಾರಿನರ್ಸ್‌ಗೆ ಕೊಡಲ್ಲ. ಇದು ಇಷ್ಟು ವರ್ಷ ಅಂತ ಇರೋಕೆ ಮಾತ್ರ, ಆಮೇಲೆ ರಿನ್ಯೂ ಮಾಡಿಸ್ಬೇಕು. ಯಾಕೆ ತಾತ, ಯಾರಾದ್ರೂ ತಗೊಂಡ್ರಾ?"

ಇನ್ನೂ ತೆಗೆದುಕೊಂಡಿರಲಿಲ್ಲ. ಮುಂದಿನ ವಾರ ಸಹಿ.

4

ಇಲ್ಲಿ ಲೇಖಕನಿಗೆ ಸ್ವಾತಂತ್ರ್ಯವಿದೆ. ಒಂದು ಮುಕ್ತಾಯದಲ್ಲಿ ನಾನು ತಪ್ಪನ್ನು ಅಚ್ಚಿನವನ ಮೇಲೆ ಹಾಕುತ್ತೇನೆ: "ಮುದ್ರಣದೋಷ, ಕ್ಷಮಿಸಿ." ಕನ್ನಡ ಗದ್ಯದ ಎಷ್ಟು ಪಾಪಗಳನ್ನು ಆ ಪದ ತೊಳೆದಿಲ್ಲ!

ಇನ್ನೊಂದರಲ್ಲಿ ನಾನು ಏನನ್ನೂ ಹೇಳುವುದಿಲ್ಲ. ಅವರು ಮಲಾಂಗ್‌ಗೆ ಹೋಗುತ್ತಾರೆ. ಆಲನ್ ಹೆಂಚಿನ ಮನೆಯ ಮೆಟ್ಟಿಲ ಮೇಲೆ ಕುಳಿತು ಕಾವಲುಗಾರನಿಗೆ ಕೈ ಬೀಸುತ್ತಾನೆ. ಆ ಹಕ್ಕಿನ ಅವಧಿ ನನ್ನ ಉಳಿದ ಆಯುಷ್ಯಕ್ಕಿಂತ ದೀರ್ಘವಾದದ್ದು. ಅದು ತೀರುವ ಹೊತ್ತಿಗೆ ನಾನು ತೀರಿರುತ್ತೇನೆ. ಸುಖಾಂತ್ಯ.

ಕ್ಲೆಮೆಂಟಿನಾ ಕರಡಿನೊಳಗಿಂದ ತಲೆ ಎತ್ತಿದಳು. "ನೀವು ಸತ್ರೆ ಮುಗೀತಾ? ನಾವೂ ಸಾಯ್ತೇವೆ. ಆಮೇಲೆ ಇವನು ಯಾರ ಬಾಗಿಲಲ್ಲಿ ಕೂತ್ಕೊಳ್ಳುದು?"

"ಇದು ಕಥೆ, ತಾಯಿ."

"ನಿಮಗೆ ಕಥೆ. ಮತ್ತೆ, ನನ್ನನ್ನು ಕೊನೆಯಲ್ಲಿ ಅಳಿಸ್ಲಿಕ್ಕೆ ನೋಡ್ಬೇಡಿ. ನಾನು ನಿಮ್ಮೆದುರು ಅಳುವವಳಲ್ಲ."

ಪಾತ್ರಗಳು ಲೇಖಕನ ಮಾತು ಕೇಳಬೇಕೆಂಬ ಸಂಪ್ರದಾಯದಲ್ಲಿ ಬೆಳೆದವನು ನಾನು. ಪೆನ್ನು ಮುಚ್ಚಿ ಚಪ್ಪಲಿ ಮೆಟ್ಟಿದೆ.

5

ಇಲ್ಲಿ ವಾರದ ರಜೆ ಶುಕ್ರವಾರ; ಇಗರ್ಜಿಯಲ್ಲಿ ಪೂಜೆ ಮುಗಿಸಿ ಅವರು ಆಗಷ್ಟೇ ಮನೆಗೆ ಬಂದಿದ್ದರು. ಫ್ಲಾಟಿನ ತುಂಬ ರಟ್ಟಿನ ಪೆಟ್ಟಿಗೆಗಳು.

"ಬನ್ನಿ ಸರ್. ಕುರ್ಚಿಯೆಲ್ಲ ಮಾರಿ ಆಯ್ತು, ಈ ಬಾಕ್ಸಿನ ಮೇಲೆ ಕೂತ್ಕೊಳ್ಳಿ," ಎಂದ ಆಲ್ಫ್ರೆಡ್. "ಒಳಗೆ ಪಿಂಗಾಣಿ ಉಂಟು, ಒಡೆಯುದಿಲ್ಲ."

"ಇವರ ಭಾರಕ್ಕೆ ಒಡೆಯುದಿಲ್ಲ," ಎಂದಳು ಕ್ಲೆಮೆಂಟಿನಾ. "ಭಾಷಣಕ್ಕೆ ಒಡೆದ್ರೆ ಗೊತ್ತಿಲ್ಲ." ನಂತರ ಒಳಗಿನ ಕೋಣೆಯತ್ತ ಕೈ ತೋರಿ ದನಿ ತಗ್ಗಿಸಿದಳು. "ನೋಡಿ, ಈ ಸಲ ಅವನ ಸಾಮಾನನ್ನು ಅವನೇ ಕಟ್ಟಿದ್ದು. ಇನ್ನು ಮನೆ ಬದಲಾಯಿಸ್ಲಿಕ್ಕಿಲ್ಲ, ಹೊನ್ನಪ್ಪ ಅಂಕಲ್ ಬರ್ದು ಕೊಟ್ಟಿದ್ದಾರೆ ಅಂತ ಹೇಳಿದೆ. ಒಪ್ಪಿದ."

ನಾನು ಆರಂಭಿಸಿದೆ: "ಅನುವಾದದಲ್ಲಿ ಅರ್ಥವ್ಯತ್ಯಾಸದ ಒಂದು ಸೂಕ್ಷ್ಮ ಪ್ರಸಂಗ ಉದ್ಭವಿಸಿರುವುದರಿಂದ..."

"ಕನ್ನಡದಲ್ಲಿ ಹೇಳಿ ಮಾರಾಯ್ರೆ."

ಜೀವಮಾನದಲ್ಲಿ ನಾನು ಬರೆದ ಯಾವ ವಾಕ್ಯವೂ ಆಗ ನೆರವಿಗೆ ಬರಲಿಲ್ಲ. "ಆ ಮನೆ ನಿಮ್ಮದಾಗುವುದಿಲ್ಲ," ಎಂದೆ. "ಸ್ವಲ್ಪ ಕಾಲ ಇರಲು ಬಿಡುತ್ತಾರೆ, ಅಷ್ಟೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದೆ."

ಆಲ್ಫ್ರೆಡ್ ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಪೆಟ್ಟಿಗೆಯ ಮೇಲಿಟ್ಟ. "ಅಂದ್ರೆ, ಬಾಡಿಗೆಯ ಹಾಗೆಯಾ?"

"ಅದಕ್ಕಿಂತ ಸ್ವಲ್ಪ ಮೇಲು. ಆದರೆ ಅವಧಿಯಿದೆ."

"ನಮ್ಮ ನಂತರ?" ಎಂದಳು ಕ್ಲೆಮೆಂಟಿನಾ.

"ಗೊತ್ತಿಲ್ಲ."

ಅವಳು ಅಳಲಿಲ್ಲ, ಹೇಳಿದ ಹಾಗೆಯೇ ನಡೆದುಕೊಂಡಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೊಂದು ಉಪಕಾರವಾಗುತ್ತಿತ್ತು, ಅದನ್ನೂ ಮಾಡಲಿಲ್ಲ. ಎದ್ದು ಹೋಗಿ ಚಹಾ ಮಾಡಿ ತಂದಳು. ನನ್ನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ. ನನಗೆ ಮಧುಮೇಹವೆಂಬುದನ್ನು ಆ ಹೊತ್ತಿನಲ್ಲೂ ಮರೆತಿರಲಿಲ್ಲ.

6

ಇಲ್ಲಿಗೆ ನಿಲ್ಲಿಸಬಹುದಿತ್ತು. ಚಹಾದ ಲೋಟ ಹಿಡಿದ ಪಶ್ಚಾತ್ತಾಪಿ ಮುದುಕ; ಓದುಗರಿಗೂ ತುಸು ಕನಿಕರ ಹುಟ್ಟುತ್ತಿತ್ತು. ಅವರು ಸಹಿ ಹಾಕಿದರೇ, ಊರಿಗೆ ಹೋದರೇ ಎಂದು ನೀವು ಕೇಳುತ್ತೀರಿ. ಹೇಳಲಾರೆ. ಒಬ್ಬರ ಮನೆಯ ವಿಷಯದಲ್ಲಿ ಖಚಿತವಾಗಿ ಮಾತನಾಡುವ ಅರ್ಹತೆಯನ್ನು ನಾನು ಕಳೆದುಕೊಂಡಿದ್ದೇನೆ.

ಅಲ್ಲದೆ, ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಆಲನ್ ಹೊರಗೆ ಬಂದ. ಅಮ್ಮನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಆಮೇಲೆ ನನ್ನ ಮುಂದೆ, ನೆಲದ ಮೇಲೆ, ಮಂಡಿ ಮಡಿಚಿ ಕುಳಿತ.

"ಅಂಕಲ್, ಈಗ ಅವರಿಗೆ ಹೇಳಿದ್ದು," ಎಂದ. "ನಂಗೆ ಹೇಳಿ. ಇನ್ನೊಮ್ಮೆ."