ಮರಳುನಾಡಿನ ಧಾನ್ಯ ಮಂತ್ರಿ

ಅಡಿಲೇಡಿನ ಹೈಸ್ಕೂಲೊಂದರಲ್ಲಿ ಚರಿತ್ರೆ ಕಲಿಸುವ ಶರಣ್ಯಾ ಆ ಚಳಿಗಾಲದ ರಜೆಗೆ ಒಂದು ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಬಂದಳು. ರಜೆಯ ಹಿಂದಿನ ದಿನ ಅವಳು ಎರಡನೆಯ ಮಹಾಯುದ್ಧದ ಪಾಠ ಮುಗಿಸಿದ್ದಳು. ಸರ್ವಾಧಿಕಾರಿಗಳು ಹೇಗೆ ಮೇಲೆ ಬಂದರು, ಒಂದು ದೇಶದ ಹುಚ್ಚು ಹೇಗೆ ಲೋಕಕ್ಕೆಲ್ಲ ಬೆಂಕಿ ಹಚ್ಚಿತು ಎಂದು ಬೋರ್ಡಿನ ತುಂಬ ಬಾಣದ ಗುರುತು ಎಳೆದು, ಕೈ ಕೊಡವಿಕೊಂಡು, ಪ್ರಶ್ನೆಗಳಿವೆಯೇ ಎಂದು ಕೇಳಿದ್ದಳು. ಹಾಗೆ ಕೇಳುವುದು ಪಾಠ ಹೇಳುವವರ ರೂಢಿ. ಯಾರೂ ಏನೂ ಕೇಳದಿರಲಿ ಎಂದು ಒಳಗೊಳಗೇ ಹಾರೈಸುವುದೂ ರೂಢಿಯೇ. ಆದರೆ ಹಿಂದಿನ ಸಾಲಿನಿಂದ ಲೈಲಾ ಕೈ ಎತ್ತಿದಳು.

ಲೈಲಾ ಯುದ್ಧ ನಡೆಯುತ್ತಿದ್ದ ದೇಶವೊಂದರಿಂದ ಮನೆಮಂದಿಯ ಜೊತೆ ತಪ್ಪಿಸಿಕೊಂಡು ಬಂದವಳು. ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ.

"ಮಿಸ್, ಆ ಸರ್ವಾಧಿಕಾರಿ ಒಬ್ಬನೇ ಮನುಷ್ಯ ತಾನೆ? ಅವನ ಪಕ್ಕದಲ್ಲೇ ಕೂತಿದ್ದವರಿಗೆ ಇದು ಹಾಳಾಗಿ ಹೋಗುತ್ತೆ ಅಂತ ಗೊತ್ತಿರಲಿಲ್ಲವಾ? ಗೊತ್ತಿದ್ದರೆ ಯಾಕೆ ಹೇಳಲಿಲ್ಲ?"

"ಭಯ," ಎಂದಳು ಶರಣ್ಯಾ. ಪುಸ್ತಕದಲ್ಲಿದ್ದದ್ದೂ ಅದೇ.

"ಭಯಪಟ್ಟವರು ಹೇಗಿರುತ್ತಾರೆ ಅಂತ ನನಗೆ ಗೊತ್ತು. ನಾನು ಕೇಳುತ್ತಿರುವುದು ಉಳಿದವರ ವಿಷಯ."

ಶರಣ್ಯಾ, ರಜೆ ಮುಗಿಸಿ ಬಂದ ಮೇಲೆ ಹೇಳುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು. ಈ ಹುಡುಗಿಗೆ ಹಾರಿಕೆಯ ಉತ್ತರ ಕೊಟ್ಟರೆ ಅವಳು ಇನ್ನೊಮ್ಮೆ ಕೈ ಎತ್ತುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕಗಳನ್ನು ತಿರುವಿ ಹಾಕಿದಳು, ಸಮಾಧಾನವಾಗಲಿಲ್ಲ. ಕಡೆಗೆ, ಯುದ್ಧ ಹೇಗೆ ಹುಟ್ಟುತ್ತದೆ ಎಂದು ಕಣ್ಣಾರೆ ನೋಡಿಯೇ ಬಿಡೋಣ ಎಂದು ಒಂದು ಆಟ ಕಟ್ಟಿದಳು. ಗೊತ್ತಿಲ್ಲದ್ದನ್ನು ಕೆದಕದೆ ಬಿಡುವ ಜಾಯಮಾನ ಅವಳದಲ್ಲ.

ಆಟದಲ್ಲಿ ಮೂರು ದೇಶ, ಅಷ್ಟೇ ಆ ಲೋಕ. ಒಂದೊಂದು ದೇಶಕ್ಕೆ ಮೂವರು ಮಂತ್ರಿಗಳು: ಸೇನೆಗೊಬ್ಬರು, ಜನರಿಗೊಬ್ಬರು, ಧಾನ್ಯಕ್ಕೊಬ್ಬರು. ಕಣಜದಲ್ಲಿ ಎಷ್ಟಿದೆ ಎಂಬುದು ಧಾನ್ಯ ಮಂತ್ರಿಗೆ ಮಾತ್ರ ಗೊತ್ತು, ಮತ್ತೆ ಆಟ ಆಡಿಸುವ ಶರಣ್ಯಾಳಿಗೆ. ದೇಶಕ್ಕೊಂದು ವಾಟ್ಸ್ಯಾಪ್ ಗುಂಪು, ಎಲ್ಲರೂ ಸೇರಲು ಒಂದು ವಿಡಿಯೋ ಕರೆ. ಮೂವರೂ ಹೂಂ ಅಂದರೆ ಮಾತ್ರ ಅಪ್ಪಣೆ ಹೊರಡಬೇಕು.

ಆಡುವವರಿಗೆ ಬರವಿರಲಿಲ್ಲ. ಅಡಿಲೇಡಿನಲ್ಲಿ ಗಂಡ ಅಭಿನವ್, ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿನಿ ಕೃತಿ, ಅವಳ ಗೆಳತಿಯೊಬ್ಬಳು. ಇವರದು ದ್ರಾಕ್ಷಿನಾಡು. ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿ ಅಭಿನವನ ಹಳೆಯ ಸ್ನೇಹಿತ ಉತ್ತಮ್, ಅವನ ಹೆಂಡತಿ ಗೀತಾ, ಗೀತಾಳ ತಮ್ಮ. ಅದು ಮಾವಿನಾಡು. ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಹಂಸಾ, ಅವಳ ಗಂಡ ಭರತೇಶ್, ಬೀದಿಯ ಕೊನೆಯ ಮನೆಯ ಕರಿಯಪ್ಪ ಅಂಕಲ್. ಪರ್ತ್ ಅಂದಮೇಲೆ ಬರೀ ಮರಳು, ಮರಳುನಾಡು ಎಂದು ಉತ್ತಮನೇ ಹೆಸರಿಟ್ಟ. ಎಲ್ಲರೂ ನಕ್ಕರು, ಭರತೇಶ್ ಸ್ವಲ್ಪ ತಡವಾಗಿ ನಕ್ಕ.

ಹಂಸಾ ಮತ್ತು ಶರಣ್ಯಾ ಮೈಸೂರಿನಲ್ಲಿ ಒಂದೇ ಡೆಸ್ಕಿನಲ್ಲಿ ಕೂತು ಓದಿದವರು. ಆಟದ ಸುದ್ದಿ ತಿಳಿದ ಕೂಡಲೇ ಹಂಸಾ ಫೋನ್ ಮಾಡಿದ್ದಳು. "ಇವರನ್ನ ಸೇರಿಸ್ಕೊಳ್ಳೇ. ಗಣಿ ಕಂಪನಿಯವರು ಕಾಂಟ್ರಾಕ್ಟ್ ಮುಂದುವರಿಸ್ಲಿಲ್ವಲ್ಲ, ಆವತ್ತಿಂದ ಮಾತೇ ಆಡ್ತಿಲ್ಲ. ಗಡ್ಡ ಬಿಟ್ಕೊಂಡು ಕಿಟಕಿ ಹತ್ರ ಕೂತಿರ್ತಾರೆ. ಏನಾದ್ರೂ ಒಂದರಲ್ಲಿ ಮನಸ್ಸು ಹಾಕ್ಲಿ."

ಮೊದಲ ಭಾನುವಾರದ ಆಟ ತೋಪಾಯಿತು. ಲೋಕಯುದ್ಧ ಹೋಗಲಿ, ಒಂದು ಬೇಲಿಯ ಜಗಳವೂ ಆಗಲಿಲ್ಲ. ಮಾವಿನಾಡಿನವರು ಹಡಗು ಕಟ್ಟಬೇಕೋ ಬೇಡವೋ ಎಂದು ಚರ್ಚೆಗೆ ಕೂತು ಮಧ್ಯಾಹ್ನದ ಚಿತ್ರಾನ್ನಕ್ಕೆ ನಿಂಬೆಹಣ್ಣಿಲ್ಲ ಎಂಬಲ್ಲಿಗೆ ಬಂದು ನಿಂತರು. ಮರಳುನಾಡಿನ ಸೇನೆಯನ್ನು ಹೆಚ್ಚಿಸೋಣ ಎಂದು ಸೇನಾ ಮಂತ್ರಿ ಭರತೇಶ್ ಬರೆದರೆ, ಸೈನ್ಯದಲ್ಲಿ ದುಡಿದು ನಿವೃತ್ತರಾದ ಕರಿಯಪ್ಪ ಅಂಕಲ್ "ಯಾಕಪ್ಪ, ಸುಮ್ನೆ?" ಎಂದು ಕೇಳಿದರು. ಸೇನೆಯ ಮಾತು ಅಲ್ಲಿಗೇ ನಿಂತಿತು. ದ್ರಾಕ್ಷಿ ಕೊಟ್ಟು ಮಾವು ತಗೊಂಡು ಎಲ್ಲರೂ ಸುಖವಾಗಿದ್ದರು. ಸಂಜೆಗೆ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ಶಿಫ್ಟ್ ಇದ್ದ ಉತ್ತಮ್ ಎದ್ದು, "ಇದು ಆಟನಾ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಾ?" ಎಂದು ಹೊರಟುಹೋದ.

ಶರಣ್ಯಾ ಒಂದೇ ಒಂದು ನಿಯಮ ಬದಲಿಸಿದಳು. ಮೂವರೂ ಒಪ್ಪಿದರೆ ದೇಶದ ಕೀಲಿಕೈಯನ್ನು ಒಬ್ಬರಿಗೇ ಕೊಡಬಹುದು, ಆಮೇಲೆ ಅವರು ಹೇಳಿದ್ದೇ ಕೊನೆ. ಕೊಡಲೇಬೇಕೆಂದೇನೂ ಇಲ್ಲ.

ಮುಂದಿನ ಶನಿವಾರ ಮರಳುನಾಡು ಕೀಲಿಕೈಯನ್ನು ಭರತೇಶನಿಗೆ ಕೊಟ್ಟಿತು. ಅವನೇನೂ ಕಿತ್ತುಕೊಳ್ಳಲಿಲ್ಲ. ಕರಿಯಪ್ಪ ಅಂಕಲ್ಲೇ ಸೂಚಿಸಿದರು: "ಇವ್ನೇ ನೋಡ್ಕೊಳ್ಲಿ ಕಣಮ್ಮ, ನಂಗೆ ಫುಟಿ ಮ್ಯಾಚ್ ಇದೆ." ಹಂಸಾ ಖುಷಿಯಿಂದ ಹೂಂ ಅಂದಳು. ಲೋಕದ ದೊಡ್ಡ ದೊಡ್ಡ ಅನಾಹುತಗಳ ಬಾಗಿಲಲ್ಲಿ ಕತ್ತಿ ಹಿಡಿದವರೇ ನಿಂತಿರುತ್ತಾರೆ ಎಂದು ಶರಣ್ಯಾ ಇಷ್ಟು ವರ್ಷ ಪಾಠ ಹೇಳಿದ್ದಳು. ಫುಟ್‌ಬಾಲ್ ಮ್ಯಾಚ್ ನೋಡಲು ಹೊರಟವರೂ ಅಲ್ಲಿರಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ.

ಭರತೇಶ್ ಬದಲಾದದ್ದು ವಿಡಿಯೋದಲ್ಲೇ ಕಾಣುತ್ತಿತ್ತು. ಗಡ್ಡ ಹೋಗಿತ್ತು, ಇಸ್ತ್ರಿ ಅಂಗಿ ಬಂದಿತ್ತು.

"ನಮ್ಮನ್ನ ಮರಳು ಅಂತ ಕರೆದು ನಕ್ಕಿದ್ದೀರಿ," ಎಂದ ಅವನು ನಗುತ್ತಲೇ. "ನಮ್ಮ ಹತ್ರ ಏನೂ ಇಲ್ಲ ಅಂದ್ಕೊಂಡಿದ್ದೀರಿ. ನೋಡ್ತಾ ಇರಿ."

ಮಾತು ಮುಗಿಯುವುದರೊಳಗೆ ಮರಳುನಾಡಿನ ಹಡಗುಗಳು ಹೊರಟವು. ಕರಿಯಪ್ಪ ಅಂಕಲ್ ಮ್ಯಾಚಿನ ನಡುವೆ ಫೋನ್ ನೋಡಿ "ಬೇಡಪ್ಪ, ಜನ ಸಾಯ್ತಾರೆ" ಎಂದು ಬರೆದರು. ಭರತೇಶ್, ಅಡ್ಮಿನ್ ಆದ ತಾನೊಬ್ಬನೇ ಬರೆಯುವಂತೆ ಗುಂಪನ್ನು ಬದಲಿಸಿಬಿಟ್ಟ. ಅಂಕಲ್ ಬೇಜಾರು ಮಾಡಿಕೊಳ್ಳಲೂ ಇಲ್ಲ. ಅವರ ತಂಡ ಗೆಲ್ಲುತ್ತಿತ್ತು.

ಮೊದಲು ಹೋದದ್ದು ದ್ರಾಕ್ಷಿನಾಡಿನ ಉಪ್ಪಿನ ದ್ವೀಪ. ಅಡಿಲೇಡಿನ ಅಡುಗೆಮನೆಯಲ್ಲಿ ತುರ್ತು ಸಭೆ ಸೇರಿತು. ಕೃತಿ ತಡೆಯೋಣ ಎಂದಳು.

"ಅಡ್ಜಸ್ಟ್ ಮಾಡ್ಕೊಂಡ್ಬಿಡೋಣ," ಎಂದ ಅಭಿನವ್ ಕಾಫಿ ಸೋಸುತ್ತಾ. "ಒಂದು ಚೂರು ದ್ವೀಪ ತಾನೆ. ಪಾಪ, ಮೊದಲೇ ನೊಂದಿದ್ದಾನೆ. ಇಷ್ಟು ಕೊಟ್ರೆ ಸುಮ್ನಾಗ್ತಾನೆ." ತಾನು ಬಾಡಿಗೆಗಿರುವ ಮನೆಯ ಯಜಮಾನನಿಗೆ ಎದುರಾಡುವುದು ಹೇಗೆ ಎಂದು ಕೃತಿಯೂ ಹೂಂ ಅಂದಳು. ದ್ವೀಪ ಕೊಟ್ಟರು. ಭರತೇಶ್ ಥ್ಯಾಂಕ್ಸ್ ಹೇಳಿ ಪಕ್ಕದ ದ್ವೀಪವನ್ನೂ ತೆಗೆದುಕೊಂಡ.

ಇದನ್ನು ನೋಡಿ ಮಾವಿನಾಡಿಗೆ ದಿಗಿಲಾಯಿತು. "ಅಲ್ಲಿ ಒಬ್ಬ ಹೇಳಿದ್ರೆ ಹಡಗು ಹೊರಡುತ್ತೆ, ಇಲ್ಲಿ ನಾವು ನಿಂಬೆಹಣ್ಣು ಹುಡುಕ್ತಾ ಕೂತಿರ್ತೀವಿ," ಎಂದು ಉತ್ತಮ್ ರೇಗಿದ. ಅವರ ಕೀಲಿಕೈ ಅವನ ಜೇಬಿಗೆ ಹೋಯಿತು. ಮಾವಿನಾಡು ಸೇನೆ ಕಟ್ಟಿದ್ದು ಕಂಡು ದ್ರಾಕ್ಷಿನಾಡೂ ತನ್ನ ಕೀಲಿಕೈಯನ್ನು ಅಭಿನವನ ಕೈಗೆ ಹಾಕಿತು. ಒಬ್ಬರ ಮೇಲೆ ಬಿದ್ದರೆ ಇನ್ನೊಬ್ಬರು ಬರಬೇಕು ಎಂದು ಅವರಿಬ್ಬರೂ ಒಪ್ಪಂದ ಮಾಡಿಕೊಂಡರು. ಎಲ್ಲವೂ ಬರೀ ಜಾಗ್ರತೆಗಾಗಿ. ಹಿಂದಿನ ವಾರ ಒಂಬತ್ತು ಜನ ಹರಟುತ್ತಿದ್ದ ಕಡೆ ಈಗ ಮೂರು ದನಿ ಮಾತ್ರ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಶರಣ್ಯಾ ಮೂರು ಕಣಜಗಳನ್ನೂ ನೋಡಿದಳು. ಹಡಗಿಗೇ ಎಲ್ಲವನ್ನೂ ಸುರಿದಿದ್ದ ಮರಳುನಾಡಿನಲ್ಲಿ ಒಂದೇ ಸುತ್ತಿಗೆ ಆಗುವಷ್ಟು ಧಾನ್ಯ ಉಳಿದಿತ್ತು. ಯುದ್ಧಕ್ಕೆ ಹೋದರೆ ಎರಡನೆಯ ಸುತ್ತಿಗೆ ಜನ ಉಪವಾಸ. ನಿಯಮದ ಪ್ರಕಾರ ಅದನ್ನು ಅಲ್ಲಿನ ಧಾನ್ಯ ಮಂತ್ರಿ ಹಂಸಾಳೊಬ್ಬಳಿಗೇ ಬರೆದು ಕಳಿಸಿದಳು. ಹಂಸಾ ಓದಿದ್ದಕ್ಕೆ ಗುರುತಾಗಿ ಎರಡು ನೀಲಿ ಗೆರೆ ಮೂಡಿದವು. ಗುಂಪಿನಲ್ಲಿ ಅವಳು ಬರೆಯುವಂತಿರಲಿಲ್ಲ, ನಿಜ. ಆದರೆ ಭರತೇಶ್ ಕೂತಿದ್ದ ಸೋಫಾದ ಇನ್ನೊಂದು ತುದಿಯಲ್ಲೇ ಅವಳಿದ್ದಳು. ಈಗ ಹೇಳುತ್ತಾಳೆ, ಈಗ ನಿಲ್ಲುತ್ತದೆ ಎಂದು ಶರಣ್ಯಾ ಕುರ್ಚಿಯ ಅಂಚಿಗೆ ಸರಿದು ಕೂತಳು. ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಕುತೂಹಲದಲ್ಲಿ ಅವಳ ಕಾಫಿ ಆರಿ ತಣ್ಣಗಾಯಿತು.

"ಮಾವಿನಾಡಿನ ಬಂದರಿಗೆ ನುಗ್ಗೋಣ," ಎಂದ ಭರತೇಶ್. ಹೇಳುವ ಮೊದಲು ಒಮ್ಮೆ ಹೆಂಡತಿಯ ಕಡೆ ತಿರುಗಿ ನಕ್ಕ. "ಇವರ್ಯಾರೂ ಬರಲ್ಲ ಬಿಡು. ಎಲ್ಲ ಅಡ್ಜಸ್ಟ್ ಪಾರ್ಟಿಗಳು."

ಹಂಸಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಆದರೆ ಈ ಸಲ ಅವರು ಬಂದರು. ಒಪ್ಪಂದವಿತ್ತಲ್ಲ. ಉತ್ತಮ್ ತಿರುಗಿ ಬಿದ್ದ, ಅಭಿನವ್ ಹಿಂದಿನಿಂದ ಬಂದ, ಆ ಪುಟ್ಟ ಲೋಕದಲ್ಲಿ ಯುದ್ಧವಿಲ್ಲದ ಒಂದು ಮೂಲೆಯೂ ಉಳಿಯಲಿಲ್ಲ. ಗೀತಾ ಆಸೆಯಿಂದ ಬೆಳೆಸಿದ ಮಾವಿನ ತೋಪು ಸುಟ್ಟುಹೋಯಿತು. ದ್ರಾಕ್ಷಿ ಚಪ್ಪರ ನೆಲ ಕಚ್ಚಿತು. ಎರಡನೆಯ ಸುತ್ತಿಗೆ ಮರಳುನಾಡಿನ ಕಣಜ ಬರಿದಾಗಿದೆ ಎಂದು ಶರಣ್ಯಾ ಸಾರಿದಳು.

"ಧಾನ್ಯ ಇರ್ಲಿಲ್ವಾ?" ಭರತೇಶ್ ಬೆಪ್ಪಾಗಿ ಕೇಳಿದ. "ಯಾರೂ ಹೇಳ್ಲೇ ಇಲ್ವಲ್ಲ."

ಯಾರೋ ನಕ್ಕರು. ಗೀತಾ ನಗಲಿಲ್ಲ, ಆಟ ತಾನೇ ಎಂದು ಹೇಳಿ ಕರೆ ಕತ್ತರಿಸಿದಳು. ಆ ದನಿಯಲ್ಲಿ ಆಟವೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಶರಣ್ಯಾ ಹಂಸಾಳಿಗೆ ಫೋನ್ ಮಾಡಿದಳು. ಹಂಸಾ ಬಂದರಿನ ಕಡೆ ನಡೆಯಲು ಹೋಗಿದ್ದಳು. ಕಂಟೇನರ್ ಎತ್ತುವ ಸದ್ದು ಹಿಂದಿನಿಂದ ಕೇಳುತ್ತಿತ್ತು.

"ಪಕ್ಕದಲ್ಲೇ ಕೂತಿದ್ದೆ ಕಣೆ ನೀನು. ಯಾಕೆ ಹೇಳ್ಲಿಲ್ಲ? ಅವನ ಭಯನಾ?"

"ಇವರ ಭಯನಾ? ನಂಗಾ?" ಹಂಸಾ ನಕ್ಕಳು. ಆಮೇಲೆ ನಗು ನಿಂತಿತು. "ಹೇಳೋಕೇ ಅಂತ ಬಾಯ್ತೆಗೆದೆ. ಅಷ್ಟರಲ್ಲಿ ನನ್ನ ಕಡೆ ತಿರುಗಿ ನಕ್ಕರು. ಆ ಕೆಲಸ ಹೋದಾಗಿಂದ ಆ ನಗು ನೋಡೇ ಇರ್ಲಿಲ್ಲ ಕಣೆ. ಗೆಲ್ತಿದ್ದೀನಿ ಅಂದ್ಕೊಂಡಿದ್ರು. ಅದನ್ನ ನನ್ನ ಕೈಯಾರೆ ಆರಿಸ್ಲಾ?"

ಶರಣ್ಯಾ ಪಟ್ಟು ಬಿಡಲಿಲ್ಲ. "ನಿಜವಾದ ದೇಶ ಆಗಿದ್ರೆ ಹೇಳ್ತಿದ್ದೆ ಅಲ್ವಾ?"

"ಹೇಳ್ತಿದ್ದೆ ಅಂತ್ಲೇ ಎಲ್ಲರೂ ಅಂದ್ಕೊಳ್ತಾರೆ." ಗಾಳಿಗೆ ಅವಳ ಮಾತು ಅರ್ಧ ಹಾರಿ ಹೋಗುತ್ತಿತ್ತು. "ಅದೇ ಮುಖ, ಅದೇ ನಗು ಆಗಿದ್ರೆ ಏನ್ಮಾಡ್ತಿದ್ನೋ, ಗೊತ್ತಿಲ್ಲ. ಬೆಳಿಗ್ಗೆ ಎದ್ದು ಇವರಿಗೆ ಹೇಳ್ದೆ, ನಂಗೆ ಗೊತ್ತಿತ್ತು ಅಂತ. ಸ್ವಲ್ಪ ಹೊತ್ತು ಮುಖ ಊದಿಸ್ಕೊಂಡಿದ್ರು. ಆಮೇಲೆ ಕಾಫಿ ಮಾಡ್ಕೊಟ್ಟು, ಇನ್ನೊಂದ್ಸಲ ಹೀಗಾದ್ರೆ ನನ್ನ ಮುಖ ನೋಡ್ಬೇಡ, ಹೇಳ್ಬಿಡು, ಅಂದ್ರು."

"ಒಳ್ಳೆಯವನು ಕಣೆ."

"ಒಳ್ಳೆಯವರೇ. ಅದೇ ಅಲ್ವಾ ಕಷ್ಟ. ಅದಿರ್ಲಿ, ನಿನ್ನನ್ನ ಒಂದು ಕೇಳ್ಲಾ? ಮೂರು ದೇಶದ ಕಣಜನೂ ನಿಂಗೆ ಕಾಣಿಸ್ತಿತ್ತು. ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಮ್ಮೆಲ್ಲರಿಗಿಂತ ಮುಂಚೆ ಗೊತ್ತಾಗಿದ್ದು ನಿಂಗೆ. ನೀನ್ಯಾಕೆ ನಿಲ್ಲಿಸ್ಲಿಲ್ಲ?"

ನಾನು ಆಟ ಆಡಿಸುವವಳು ತಾನೆ ಎಂದು ಶರಣ್ಯಾ ಹೇಳಹೊರಟಳು. ಆ ಮಾತು ಅವಳಿಗೇ ಪೊಳ್ಳು ಎನಿಸಿತು. ತಣ್ಣಗಾದ ಕಾಫಿ ನೆನಪಾಯಿತು. ಅವಳಿಗೆ ನಾಚಿಕೆಯಾಯಿತು, ಅದೂ ಸಣ್ಣ ನಾಚಿಕೆಯಲ್ಲ.

ರಜೆ ಮುಗಿಯಿತು. ತರಗತಿಯಲ್ಲಿ ಹೀಟರ್ ಇನ್ನೂ ಬಿಸಿಯಾಗಿರಲಿಲ್ಲ, ಮಕ್ಕಳು ಜಾಕೆಟ್ ತೆಗೆಯದೆ ಕೂತಿದ್ದರು. ಶರಣ್ಯಾ ಬೋರ್ಡಿನ ಕಡೆ ಹೋಗದೆ ನೇರವಾಗಿ ಲೈಲಾಳ ಮೇಜಿನ ಬಳಿ ಬಂದು ನಿಂತಳು.

"ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೇನೆ. ಅವರಿಗೆ ಗೊತ್ತಿತ್ತು. ನನ್ನ ಕಣ್ಣೆದುರು ಒಂದು ಯುದ್ಧ ಹುಟ್ಟಿತು, ಆಟದ ಯುದ್ಧ. ಒಬ್ಬರು ತಮಗೆ ಬೇರೆ ಕೆಲಸವಿದೆ ಎಂದು ಅವನ ಕೈಗೆ ಎಲ್ಲವನ್ನೂ ಕೊಟ್ಟು ಹೋದರು. ಒಬ್ಬರು ಪಾಪ ಅಂದುಕೊಂಡು ಬಿಟ್ಟುಕೊಟ್ಟರು. ಒಬ್ಬರು ಅವನನ್ನು ಪ್ರೀತಿಸುತ್ತಿದ್ದರು, ಅವನ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ. ಇನ್ನೊಬ್ಬರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅವರು ಮುಂದೇನಾಗುತ್ತೆ ನೋಡೋಣ ಅಂತ ನೋಡುತ್ತಾ ಕೂತಿದ್ದರು."

"ಅದು ಯಾರು?"

"ನಾನು."

ಇಡೀ ತರಗತಿ ತಿರುಗಿ ನೋಡಿತು. ಲೈಲಾ ಮಾತ್ರ ತನ್ನ ಮೇಜನ್ನೇ ನೋಡುತ್ತಿದ್ದಳು. ಈ ಹುಡುಗಿ ಯಾರನ್ನು ನೆನೆಸಿಕೊಳ್ಳುತ್ತಿದ್ದಾಳೋ, ಯಾರ ನಗು ಇವಳ ಊರನ್ನು ಸುಟ್ಟಿತೋ ಎಂದು ಶರಣ್ಯಾಳಿಗೆ ಕೇಳಬೇಕೆನಿಸಿತು. ಕುತೂಹಲಕ್ಕೆ ಈ ಸಲ ಬಾಯಿ ಕಟ್ಟಿ, ಆಟದ ಚೀಟಿಗಳನ್ನು ಹೊರಗೆ ತೆಗೆದಳು. ಮೂರು ದೇಶ, ದೇಶಕ್ಕೆ ಮೂವರು ಮಂತ್ರಿಗಳು ಎಂದು ವಿವರಿಸಿ, ಯಾರಿಗೆ ಯಾವುದು ಬೇಕು ಎಂದು ಕೇಳಿದಳು. ಹುಡುಗರು ಸೇನಾ ಮಂತ್ರಿಯ ಚೀಟಿಗೆ ಮುಗಿಬಿದ್ದರು. ಎಲ್ಲರಿಗಿಂತ ಗಟ್ಟಿ ಗಂಟಲಿನ, ಎಲ್ಲರನ್ನೂ ನಗಿಸುವ ಹುಡುಗನೊಬ್ಬ ಒಂದನ್ನು ಗೆದ್ದು ಕುರ್ಚಿಯ ಮೇಲೆ ಹತ್ತಿ ನಿಂತ. ಅವನನ್ನು ಕಂಡರೆ ಇಡೀ ತರಗತಿಗೆ ಇಷ್ಟ, ಶರಣ್ಯಾಳಿಗೂ ಇಷ್ಟ.

ಲೈಲಾ ಕೈ ಎತ್ತಿದಳು.

"ಅವನ ದೇಶದ ಧಾನ್ಯದ ಚೀಟಿ ನನಗೆ ಕೊಡಿ ಮಿಸ್."

ಚೀಟಿ ತೆಗೆದುಕೊಂಡು, ಹಿಂದಿನ ಸಾಲಿನಿಂದ ತನ್ನ ಕುರ್ಚಿಯನ್ನು ಎಳೆದು ತಂದು, ಅವಳು ಆ ಹುಡುಗನ ಪಕ್ಕದಲ್ಲಿ ಹಾಕಿಕೊಂಡು ಕೂತಳು.